ಸರ್ವತ್ರ: ಒಂದು ಇಂಗ್ಲಿಷ್ ವಿಶೇಷಣದ ಚರಿತ್ರೆ

ಹೋದಲ್ಲೆಲ್ಲ ಕಣ್ಣಿಗೆ ಬೀಳುವ ವಸ್ತುಗಳನ್ನು ಕುರಿತು ಇಂಗ್ಲಿಷ್ ಬರಹಗಾರರು ಬಳಸುವ ‘ಯುಬಿಕ್ವಿಟಸ್’ ಎಂಬ ವಿಶೇಷಣವು ಇಂದು ಮೊಬೈಲ್ ಫೋನಿಗೂ ಪ್ಲಾಸ್ಟಿಕ್ ಚೀಲಕ್ಕೂ ಜಾಹೀರಾತಿನ ಫಲಕಕ್ಕೂ ಸಮನಾಗಿ ಸಲ್ಲುತ್ತದೆ. ಪತ್ರಿಕೆಯ ಅಂಕಣದಲ್ಲಿ ಅದು ಬಂದರೆ ಓದುಗನು ಅರೆಗಳಿಗೆಯೂ ನಿಲ್ಲದೆ ಮುಂದೆ ಸಾಗುತ್ತಾನೆ. ಆದರೆ ಈ ವಿಶೇಷಣಕ್ಕೆ ಮೂಲವಾದ ‘ಯುಬಿಕ್ವಿಟಿ’ ಎಂಬ ನಾಮಪದವು ಯುರೋಪಿನ ವಾಗ್ವಾದಗಳಲ್ಲಿ ಮೊದಲು ಪ್ರಸಿದ್ಧಿಗೆ ಬಂದಾಗ ಅದು ಅಗ್ಗದ ಸರಕುಗಳ ಗುಣವಾಗಿರಲಿಲ್ಲ. ಒಂದೇ ಒಂದು ದೇಹಕ್ಕೆ, ಅಂದರೆ ಯೇಸು ಕ್ರಿಸ್ತನ ದೇಹಕ್ಕೆ, ಆ ಗುಣವುಂಟೇ ಇಲ್ಲವೇ ಎಂಬುದು ಆಗಿನ ಪ್ರಶ್ನೆಯಾಗಿತ್ತು, ಮತ್ತು ಅದಕ್ಕೆ ಕೊಡುವ ಉತ್ತರದ ಮೇಲೆ ಜರ್ಮನ್ ಸಂಸ್ಥಾನಗಳ ರಾಜಕೀಯ ಭವಿಷ್ಯವೂ ನಿಂತಿತ್ತು. ದೇವರಿಂದ ಅರಸನಿಗೆ, ಅರಸನಿಂದ ಸೈನ್ಯಕ್ಕೆ, ಸೈನ್ಯದಿಂದ ಸೂಕ್ಷ್ಮಜೀವಿಗೆ ಮತ್ತು ಯಂತ್ರಕ್ಕೆ ಈ ಪದವು ಕೈ ಬದಲಾಯಿಸುತ್ತ ಬಂದ ಬಗೆಯನ್ನು ಗಮನಿಸಿದರೆ, ‘ಎಲ್ಲೆಲ್ಲೂ ಇದೆ’ ಎಂಬ ಮಾತು ಬಹುಮಟ್ಟಿಗೆ ವರ್ಣನೆಯಾಗಿರದೆ ಹಕ್ಕಿನ ಘೋಷಣೆಯಾಗಿತ್ತೆಂದೂ, ಅಂಥ ಘೋಷಣೆ ಹೊರಟಲ್ಲೆಲ್ಲ ಅದಕ್ಕೊಂದು ಎಲ್ಲೆ ಹಾಕಲು ಯಾರಾದರೊಬ್ಬರು ಎದ್ದು ನಿಲ್ಲುತ್ತಿದ್ದರೆಂದೂ ತಿಳಿಯುತ್ತದೆ.

ಪದದ ರಚನೆ ಸರಳವಾದುದು. ಲ್ಯಾಟಿನ್ ಭಾಷೆಯಲ್ಲಿ ‘ಉಬಿ’ ಎಂದರೆ ‘ಎಲ್ಲಿ’. ಅದಕ್ಕೆ ‘ಕ್ವೆ’ ಎಂಬ ಪ್ರತ್ಯಯ ಸೇರಿ ‘ಉಬಿಕ್ವೆ’, ಅಂದರೆ ‘ಎಲ್ಲೆಡೆಯೂ’ ಎಂಬ ಅವ್ಯಯವಾಗುತ್ತದೆ. ಈ ‘ಕ್ವೆ’ಯು ಸಂಸ್ಕೃತದ ‘ಚ’ಕಾರದ ಸೋದರ. ಕನ್ನಡವು ಬೇರೆಯೇ ಭಾಷಾಕುಲಕ್ಕೆ ಸೇರಿದ್ದರೂ ‘ಎಲ್ಲಿ’ ಎಂಬ ಪ್ರಶ್ನೆಗೆ ‘ಊ’ ಸೇರಿಸಿ ‘ಎಲ್ಲಿಯೂ’, ‘ಎಲ್ಲೂ’ ಎಂದು ಮಾಡಿಕೊಳ್ಳುವುದು ಇದೇ ಹಾದಿಯಲ್ಲಿಯೇ. ವ್ಯತ್ಯಾಸವಿಷ್ಟೆ, ಕನ್ನಡದ ‘ಎಲ್ಲೂ’ ಹೆಚ್ಚಾಗಿ ‘ಇಲ್ಲ’ದ ಸಂಗಡ ಹೋಗುತ್ತದೆ, ‘ಇದೆ’ ಎನ್ನಬೇಕಾದರೆ ‘ಎಲ್ಲೆಲ್ಲೂ’ ಎಂದು ಇಮ್ಮಡಿಸಬೇಕಾಗುತ್ತದೆ.

ಕ್ರೈಸ್ತ ಚಿಂತನೆಯಲ್ಲಿ ಈ ಅವ್ಯಯಕ್ಕೆ ಪ್ರಮಾಣದ ತೂಕ ಬಹಳ ಹಿಂದೆಯೇ ಬಂದಿತ್ತು. ಈಗಿನ ಫ್ರಾನ್ಸಿನ ದಕ್ಷಿಣ ಕರಾವಳಿಯ ಲೆರಿನ್ಸ್ ದ್ವೀಪದ ಮಠದಲ್ಲಿದ್ದ ವಿನ್ಸೆಂಟನು ಕ್ರಿ.ಶ. 434ರ ಸುಮಾರಿಗೆ ಬರೆದ ಕೃತಿಯೊಂದರಲ್ಲಿ, ಯಾವುದನ್ನು ಎಲ್ಲೆಡೆಯೂ ಎಲ್ಲ ಕಾಲದಲ್ಲಿಯೂ ಎಲ್ಲರೂ ನಂಬಿಕೊಂಡು ಬಂದಿದ್ದಾರೋ ಅದೇ ಸತ್ಯಧರ್ಮವೆಂಬ ಅಳತೆಗೋಲನ್ನು ಕೊಟ್ಟನು, ಮತ್ತು ಆ ಮೂರು ಅಳತೆಗಳಲ್ಲಿ ಮೊದಲನೆಯದಾಗಿ ‘ಉಬಿಕ್ವೆ’ಯನ್ನೇ ಇಟ್ಟನು. ಹದಿಮೂರನೆಯ ಶತಮಾನದ ಥಾಮಸ್ ಅಕ್ವೈನಸನು ತನ್ನ ದೇವತಾಶಾಸ್ತ್ರದ ಮಹಾಗ್ರಂಥದಲ್ಲಿ ದೇವರು ಎಲ್ಲೆಡೆ ಇರುವನೆಂಬುದರ ಅರ್ಥವನ್ನು ಬಿಡಿಸಿ, ಶಕ್ತಿಯಿಂದ ಇರುವುದು, ಸಾನ್ನಿಧ್ಯದಿಂದ ಇರುವುದು, ಸ್ವರೂಪದಿಂದಲೇ ಇರುವುದು ಎಂದು ಮೂರು ಬಗೆಗಳನ್ನು ಹೇಳಿದನು. ಮೊದಲನೆಯದಕ್ಕೆ ಅವನು ಕೊಟ್ಟ ನಿದರ್ಶನ ಅರಸನದು: ರಾಜ್ಯದ ಮೂಲೆಮೂಲೆಗೂ ಅರಸನು ಹೋಗಿ ಕೂರುವುದಿಲ್ಲವಾದರೂ ತನ್ನ ಅಧಿಕಾರದ ಬಲದಿಂದ ಅವನು ರಾಜ್ಯದಲ್ಲೆಲ್ಲ ಇರುವನೆಂದು ಹೇಳಬಹುದು. ದೇವರನ್ನು ಅರ್ಥ ಮಾಡಿಕೊಳ್ಳಲು ಎರವಲು ತಂದ ಈ ಅರಸನು, ಐನೂರು ವರ್ಷಗಳ ಅನಂತರ ಇಂಗ್ಲೆಂಡಿನ ನ್ಯಾಯಶಾಸ್ತ್ರದಲ್ಲಿ ದೇವರ ಗುಣವನ್ನೇ ಎರವಲು ಪಡೆದು ನಿಲ್ಲುವುದನ್ನು ಮುಂದೆ ಕಾಣಬಹುದು.

ಪದವು ಕಿಡಿಯಾದದ್ದು ಪ್ರೊಟೆಸ್ಟೆಂಟ್ ಸುಧಾರಣೆಯ ಕಾಲದಲ್ಲಿ. ಕರ್ತನ ಭೋಜನವೆಂದು ಕರೆಯಲಾಗುವ ವಿಧಿಯಲ್ಲಿ ಭಕ್ತರಿಗೆ ಕೊಡುವ ರೊಟ್ಟಿ ಮತ್ತು ದ್ರಾಕ್ಷಾರಸಗಳಲ್ಲಿ ಕ್ರಿಸ್ತನ ದೇಹ ನಿಜವಾಗಿ ಇರುತ್ತದೆಯೇ ಎಂಬ ಪ್ರಶ್ನೆಗೆ ರೋಮಿನ ಸಭೆಯು 1215ರಲ್ಲಿ ಸೇರಿದ ನಾಲ್ಕನೆಯ ಲ್ಯಾಟರನ್ ಪರಿಷತ್ತಿನಲ್ಲಿ ದ್ರವ್ಯವೇ ಬದಲಾಗುತ್ತದೆಂಬ ಉತ್ತರವನ್ನು ಅಂಗೀಕರಿಸಿತ್ತು. ಮಾರ್ಟಿನ್ ಲೂಥರ್ ದ್ರವ್ಯ ಬದಲಾಗುವುದೆಂಬುದನ್ನು ತಳ್ಳಿಹಾಕಿದನಾದರೂ ದೇಹ ನಿಜವಾಗಿ ಅಲ್ಲಿರುವುದೆಂಬುದನ್ನು ಬಿಡಲೊಪ್ಪಲಿಲ್ಲ. ಜ್ಯೂರಿಕ್ಕಿನ ಉಲ್ರಿಕ್ ಜ್ವಿಂಗ್ಲಿಯಾದರೋ ರೊಟ್ಟಿಯು ಕೇವಲ ಸಂಕೇತ, ಕ್ರಿಸ್ತನು ಪರಲೋಕಕ್ಕೇರಿ ತಂದೆಯ ಬಲಗಡೆಯಲ್ಲಿ ಕುಳಿತಿದ್ದಾನೆ, ಒಂದು ದೇಹ ಒಂದೇ ಸ್ಥಳದಲ್ಲಿರಬಲ್ಲದು ಎಂದನು. ಇಬ್ಬರನ್ನೂ ಒಂದುಗೂಡಿಸಬೇಕೆಂದು ಹೆಸ್ಸೆಯ ದೊರೆ ಫಿಲಿಪ್ಪನು 1529ರ ಅಕ್ಟೋಬರ್ ಮೊದಲ ವಾರದಲ್ಲಿ ಮಾರ್ಬುರ್ಗಿನ ತನ್ನ ಕೋಟೆಯಲ್ಲಿ ಸಂವಾದವನ್ನು ಏರ್ಪಡಿಸಿದಾಗ, ಲೂಥರ್ ‘ಇದು ನನ್ನ ದೇಹ’ ಎಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಆ ‘ಇದು’ವಿನಿಂದ ಕದಲದೆ ಕುಳಿತನು. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದರು. ಹದಿನೈದನೆಯದು, ಅಂದರೆ ದೇಹ ಎಲ್ಲಿದೆ ಎಂಬುದು, ಹಾಗೆಯೇ ಉಳಿಯಿತು.

ಲೂಥರ್ ಅದಕ್ಕೂ ಮುಂಚೆ, 1527 ಮತ್ತು 1528ರ ತನ್ನ ಬರಹಗಳಲ್ಲಿಯೇ, ದೇವರ ಬಲಗೈ ಎಂಬುದು ಪರಲೋಕದ ಒಂದು ಆಸನವಲ್ಲ, ಎಲ್ಲೆಡೆ ಕೆಲಸ ಮಾಡುವ ಅವನ ಶಕ್ತಿ, ಆದ್ದರಿಂದ ಅದರ ಜೊತೆಗಿರುವ ಕ್ರಿಸ್ತನೂ ಎಲ್ಲೆಡೆ ಇರಬಲ್ಲನು ಎಂದು ವಾದಿಸಿದ್ದನು. ಈ ಬೀಜವನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದವನು ನೈಋತ್ಯ ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನದ ಯೋಹಾನೆಸ್ ಬ್ರೆಂಟ್ಸ್. ಮಾರ್ಬುರ್ಗಿನಲ್ಲಿಯೂ ಹಾಜರಿದ್ದ, ಮುಂದೆ ಸ್ಟುಟ್‌ಗಾರ್ಟಿನ ಪ್ರಧಾನ ಧರ್ಮಾಧಿಕಾರಿಯಾದ ಈತನು, ಕ್ರಿಸ್ತನಲ್ಲಿ ದೈವಸ್ವಭಾವ ಮನುಷ್ಯಸ್ವಭಾವಗಳೆರಡೂ ಬೇರ್ಪಡಿಸಲಾಗದಂತೆ ಕೂಡಿರುವುದರಿಂದ ಒಂದರ ಗುಣ ಇನ್ನೊಂದಕ್ಕೆ ಸಂದಾಯವಾಗುತ್ತದೆ, ಹೀಗಾಗಿ ದೇವರ ಸರ್ವವ್ಯಾಪಕತ್ವ ಆ ದೇಹಕ್ಕೂ ಉಂಟು ಎಂದು ಸಾರಿದನು. 1559ರ ಡಿಸೆಂಬರಿನಲ್ಲಿ ಸ್ಟುಟ್‌ಗಾರ್ಟಿನಲ್ಲಿ ನಡೆದ ಸಭೆಯು ಇದನ್ನೇ ಸಂಸ್ಥಾನದ ಅಧಿಕೃತ ನಂಬಿಕೆಯೆಂದು ಸ್ವೀಕರಿಸಿತು. ಅದೇ ವರ್ಷ ಜಿನೀವಾದಲ್ಲಿ ಹೊರಬಂದ ತನ್ನ ಗ್ರಂಥದ ಕೊನೆಯ ಪರಿಷ್ಕರಣದಲ್ಲಿ ಜಾನ್ ಕ್ಯಾಲ್ವಿನ್ ಈ ಮತವನ್ನು ಖಂಡಿಸಿದನು, ಮತ್ತು ಬ್ರೆಂಟ್ಸನ ಕಡೆಯವರಿಗೆ ‘ಉಬಿಕ್ವಿಟರಿ’ಗಳು, ಎಂದರೆ ಎಲ್ಲೆಡೆವಾದಿಗಳು, ಎಂಬ ಹೆಸರು ಬಿದ್ದಿತು. ಅದು ಎದುರಾಳಿಗಳು ಇಟ್ಟ ಮೂದಲಿಕೆಯ ಹೆಸರು.

ಮೂದಲಿಕೆಗೆ ಸಾಹಿತ್ಯರೂಪವನ್ನೂ ಕೊಟ್ಟವನು ಇಟಲಿಯಿಂದ ಬಂದು ಜ್ಯೂರಿಕ್ಕಿನಲ್ಲಿ ನೆಲೆಸಿದ್ದ ವಿದ್ವಾಂಸ ಪೀಟರ್ ಮಾರ್ಟಿರ್ ವೆರ್ಮಿಗ್ಲಿ. ಅವನು 1561ರಲ್ಲಿ ಪ್ರಕಟಿಸಿದ ಸಂವಾದ ಗ್ರಂಥದಲ್ಲಿ ಇಬ್ಬರು ಪಾತ್ರಧಾರಿಗಳಿದ್ದಾರೆ: ಒಬ್ಬನು ಪಾಂಟಾಕಸ್, ಗ್ರೀಕಿನಲ್ಲಿ ‘ಎಲ್ಲೆಡೆಯವನು’, ಇವನು ಬ್ರೆಂಟ್ಸನ ಮಾತುಗಳನ್ನಾಡುತ್ತಾನೆ, ಇನ್ನೊಬ್ಬನು ಓರೊಥೆಟೆಸ್, ‘ಗಡಿ ಹಾಕುವವನು’, ಇವನು ದೇಹಕ್ಕೆ ದೇಹತ್ವವಿರಬೇಕಾದರೆ ಅಳತೆಯೂ ಮಿತಿಯೂ ಇರಲೇಬೇಕೆಂದು ವಾದಿಸುತ್ತಾನೆ. ಈ ಪದದ ಮುಂದಿನ ನಾಲ್ಕು ಶತಮಾನಗಳ ಕಥೆಯಲ್ಲಿ ಈ ಇಬ್ಬರೂ ಬೇರೆ ಬೇರೆ ವೇಷಗಳಲ್ಲಿ ಮತ್ತೆ ಮತ್ತೆ ಎದುರಾಗುವುದರಿಂದ ಅವರ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಭಾರತೀಯ ದರ್ಶನಗಳ ಪರಿಚಯವಿರುವ ಕನ್ನಡ ಓದುಗನಿಗೆ ಈ ಜಗಳ ತೀರ ಅಪರಿಚಿತವೇನಲ್ಲ. ನ್ಯಾಯ ವೈಶೇಷಿಕರು ಆತ್ಮವನ್ನು ವಿಭು, ಅಂದರೆ ಸರ್ವವ್ಯಾಪಿ, ಎಂದರು. ರಾಮಾನುಜರೂ ಮಧ್ವರೂ ಜೀವನು ಅಣು, ಪರಮಾತ್ಮನೊಬ್ಬನೇ ವಿಭು ಎಂದರು. ಜೈನರು ಜೀವವು ತಾನಿರುವ ದೇಹದಷ್ಟೇ ಪರಿಮಾಣವುಳ್ಳದ್ದೆಂದು, ಆನೆಯಲ್ಲಿ ಆನೆಯಷ್ಟು ಇರುವೆಯಲ್ಲಿ ಇರುವೆಯಷ್ಟು ಎಂದು, ಲೆಕ್ಕ ಹಾಕಿದರು. ಯಾರೂ ನೋಡದ ಕಡೆ ಹೋಗಿ ಬಾಳೆಹಣ್ಣು ತಿಂದು ಬಾ ಎಂದು ಗುರು ಹೇಳಿದರೆ, ಅಂಥ ಜಾಗ ಸಿಗಲಿಲ್ಲವೆಂದು ಹಣ್ಣನ್ನು ಮರಳಿ ತಂದ ಕನಕದಾಸರ ಐತಿಹ್ಯವು ಪರಮಾತ್ಮನ ವಿಭುತ್ವವನ್ನು ಮಕ್ಕಳಿಗೂ ಮುಟ್ಟಿಸುತ್ತದೆ. ಆದರೆ ಇಲ್ಲೆಲ್ಲ ವ್ಯಾಪಕವಾಗಿರುವುದು ಆತ್ಮವೋ ಈಶ್ವರನೋ ಆಗಿದ್ದರೆ, ಬ್ರೆಂಟ್ಸನದು ಹುಟ್ಟಿ ನಡೆದಾಡಿ ಶಿಲುಬೆಗೇರಿದ ಮಾಂಸಮಯ ದೇಹವೇ ವ್ಯಾಪಕವೆಂಬ ವಾದ. ಅದರ ಎದೆಗಾರಿಕೆಯೂ ತೊಡಕೂ ಇರುವುದು ಅಲ್ಲಿಯೇ.

ಇಷ್ಟು ಸೂಕ್ಷ್ಮವಾದ ತರ್ಕಕ್ಕೆ ದೊರೆಗಳು ಏಕೆ ತಲೆ ಕೊಟ್ಟರೆಂಬುದಕ್ಕೆ ಕಾರಣ 1555ರ ಆಗ್ಸ್‌ಬರ್ಗ್ ಒಪ್ಪಂದದಲ್ಲಿದೆ. ಆ ಒಪ್ಪಂದವು ಜರ್ಮನ್ ಸಾಮ್ರಾಜ್ಯದೊಳಗೆ ರೋಮನ್ ಕ್ಯಾಥೊಲಿಕರಿಗೂ ಲೂಥರನ ಅನುಯಾಯಿಗಳಿಗೂ ಮಾತ್ರ ಕಾನೂನಿನ ರಕ್ಷಣೆ ಕೊಟ್ಟಿತ್ತು. ಕ್ಯಾಲ್ವಿನನ ಮತದವರಿಗೆ ಆ ರಕ್ಷಣೆ ಸಿಕ್ಕಿದ್ದು 1648ರ ವೆಸ್ಟ್‌ಫಾಲಿಯಾ ಶಾಂತಿಯಲ್ಲಿ. ಆದ್ದರಿಂದ ದೇಹ ಎಲ್ಲೆಡೆ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದ ದೊರೆಯು ಒಪ್ಪಂದದ ಹೊರಗೆ ಬೀಳುವ ಅಪಾಯವಿತ್ತು. ವುರ್ಟೆಂಬರ್ಗಿನ ನೆರೆಯ ಪಾಲಟಿನೇಟ್ ಸಂಸ್ಥಾನದ ಮೂರನೆಯ ಫ್ರೆಡರಿಕ್ಕನು 1563ರಲ್ಲಿ ಪ್ರಕಟಿಸಿದ ಹೈಡೆಲ್‌ಬರ್ಗ್ ಪ್ರಶ್ನೋತ್ತರಮಾಲೆಯು ಕ್ರಿಸ್ತನು ಮನುಷ್ಯಸ್ವಭಾವದಿಂದ ಈಗ ಭೂಮಿಯ ಮೇಲಿಲ್ಲವೆಂದು ಸ್ಪಷ್ಟವಾಗಿ ಹೇಳಿದಾಗ ನೆರೆಹೊರೆಯ ಎರಡು ಆಸ್ಥಾನಗಳೂ 1564ರ ಏಪ್ರಿಲ್‌ನಲ್ಲಿ ತಮ್ಮ ಪಂಡಿತರನ್ನು ಮೌಲ್‌ಬ್ರಾನ್ ಮಠದಲ್ಲಿ ಎದುರುಬದುರು ಕೂರಿಸಿದವು. ಚರ್ಚೆಯಿಂದ ಪುಸ್ತಕಗಳು ಹುಟ್ಟಿದವೇ ಹೊರತು ಒಮ್ಮತ ಹುಟ್ಟಲಿಲ್ಲ. 1566ರಲ್ಲಿ ಫ್ರೆಡರಿಕ್ಕನು ಆಗ್ಸ್‌ಬರ್ಗಿನ ಸಾಮ್ರಾಜ್ಯಸಭೆಯ ಮುಂದೆ ತನ್ನ ನಂಬಿಕೆಯನ್ನು ಸಮರ್ಥಿಸಿಕೊಳ್ಳಬೇಕಾಗಿ ಬಂತು. ಲೂಥರನ ಪಕ್ಷದೊಳಗೇ ಮಾರ್ಟಿನ್ ಕೆಮ್ನಿಟ್ಸ್ ಎಂಬ ಪಂಡಿತನು, ಕ್ರಿಸ್ತನ ದೇಹ ಸದಾ ಎಲ್ಲೆಡೆ ಇರುವುದೆನ್ನುವ ಬದಲು ಅದು ಇಚ್ಛಿಸಿದಲ್ಲೆಲ್ಲ ಇರಬಲ್ಲದು ಎಂಬ ಮಧ್ಯಮಮಾರ್ಗವನ್ನು ತೋರಿಸಿದನು, ಮತ್ತು 1577ರ ಐಕಮತ್ಯಸೂತ್ರವು ಎರಡೂ ಬಗೆಯವರು ಸಹಿ ಹಾಕಬಹುದಾದಷ್ಟು ಸಡಿಲವಾದ ಮಾತುಗಳಲ್ಲಿ ವಿವಾದವನ್ನು ಮುಚ್ಚಿತು. ಆದರೂ ಹದಿನೇಳನೆಯ ಶತಮಾನದ ಆರಂಭದಲ್ಲಿ, ಮೂವತ್ತು ವರ್ಷಗಳ ಯುದ್ಧ ಸುತ್ತಲೂ ಉರಿಯುತ್ತಿರುವಾಗಲೇ, ಭೂಮಿಯ ಮೇಲಿದ್ದಾಗ ಕ್ರಿಸ್ತನು ಈ ಶಕ್ತಿಯನ್ನು ಬಿಟ್ಟುಕೊಟ್ಟಿದ್ದನೋ ಅಥವಾ ಗುಟ್ಟಾಗಿ ಬಳಸುತ್ತಿದ್ದನೋ ಎಂದು ಗೀಸೆನ್ ಮತ್ತು ಟ್ಯೂಬಿಂಗೆನ್ ವಿಶ್ವವಿದ್ಯಾಲಯಗಳ ಪಂಡಿತರು ಹೊಡೆದಾಡಿದರು.

ಬ್ರೆಂಟ್ಸನ ವುರ್ಟೆಂಬರ್ಗಿಗೂ ಕನ್ನಡಕ್ಕೂ ಒಂದು ನಂಟಿದೆ. 1815ರಲ್ಲಿ ಸ್ಥಾಪನೆಯಾಗಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಜನಬಲವನ್ನೂ ಹಣವನ್ನೂ ಬಹುಪಾಲು ಒದಗಿಸಿದ್ದು ಸ್ವಿಸ್ ಸುಧಾರಿತ ಸಭೆಯವರು ಮತ್ತು ವುರ್ಟೆಂಬರ್ಗಿನ ಲೂಥರನ್ ಭಕ್ತರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗಿನ ಬ್ರಾಕನ್‌ಹೈಮಿನಲ್ಲಿ ಹುಟ್ಟಿ ಟ್ಯೂಬಿಂಗೆನ್ನಿನಲ್ಲಿ ಓದಿದವನು. ಜ್ವಿಂಗ್ಲಿಯ ಕಡೆಯವರೂ ಬ್ರೆಂಟ್ಸನ ಕಡೆಯವರೂ ಮಾರ್ಬುರ್ಗಿನಲ್ಲಿ ಕೂಡಿ ಉಣ್ಣಲಾರದ ಭೋಜನವನ್ನು ಅವರ ವಾರಸುದಾರರು ನೇತ್ರಾವತಿಯ ದಡದಲ್ಲಿ ಒಂದೇ ಮಿಷನ್ನಿನವರಾಗಿ ಹಂಚಿಕೊಂಡರು. ಪರದೇಶದ ಕೆಲಸವು ಮನೆಯ ತಕರಾರನ್ನು ಎಷ್ಟು ಬೇಗ ಸಣ್ಣದು ಮಾಡುತ್ತದೆಂಬುದು ಧರ್ಮಚರಿತ್ರೆಯನ್ನು ಬರೆಯುವವರು ಇನ್ನಷ್ಟು ಲಕ್ಷ್ಯ ಕೊಡಬೇಕಾದ ಸಂಗತಿ.

ಇಂಗ್ಲೆಂಡಿಗೆ ‘ಯುಬಿಕ್ವಿಟಿ’ ಬಂದದ್ದು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ, ಇದೇ ವಿವಾದದ ಪರಿಭಾಷೆಯಾಗಿ. ಆಂಗ್ಲಿಕನ್ ಸಭೆಯ ದೊಡ್ಡ ಚಿಂತಕ ರಿಚರ್ಡ್ ಹೂಕರ್ 1597ರಲ್ಲಿ ಹೊರಬಂದ ತನ್ನ ಗ್ರಂಥದ ಐದನೆಯ ಸಂಪುಟದಲ್ಲಿ ಕ್ರಿಸ್ತನ ದೇಹದ ಸರ್ವವ್ಯಾಪಕತ್ವವನ್ನು ಪರಿಶೀಲಿಸಿ ನಿರಾಕರಿಸಿದನು. ಗಡಿ ಹಾಕುವವನ ಪಕ್ಷವೇ ಅಲ್ಲಿ ಗೆದ್ದಿತು. ದೇವತಾಶಾಸ್ತ್ರದಲ್ಲಿ ಕೆಲಸವಿಲ್ಲದಂತಾದ ಪದಕ್ಕೆ ಹೊಸ ಉದ್ಯೋಗ ಕೊಟ್ಟದ್ದು ಕಾನೂನು. ವಿಲಿಯಂ ಬ್ಲ್ಯಾಕ್‌ಸ್ಟನ್ ಇಂಗ್ಲೆಂಡಿನ ಕಾನೂನುಗಳ ಮೇಲೆ ಬರೆದು 1765ರಲ್ಲಿ ಹೊರತಂದ ವ್ಯಾಖ್ಯಾನದ ಮೊದಲ ಸಂಪುಟದಲ್ಲಿ ‘ಅರಸನ ಕಾನೂನಾತ್ಮಕ ಯುಬಿಕ್ವಿಟಿ’ ಎಂಬ ತತ್ತ್ವವನ್ನು ವಿವರಿಸಿದನು: ಅರಸನು ಸ್ವತಃ ಪೀಠದಲ್ಲಿ ಕುಳಿತು ತೀರ್ಪು ಹೇಳಲಾರನಾದರೂ ಕಾನೂನಿನ ದೃಷ್ಟಿಯಲ್ಲಿ ಅವನು ತನ್ನ ಎಲ್ಲ ನ್ಯಾಯಾಲಯಗಳಲ್ಲಿಯೂ ಸದಾ ಹಾಜರಿರುತ್ತಾನೆ, ನ್ಯಾಯಾಧೀಶರು ಅವನ ಪ್ರತಿಬಿಂಬವನ್ನು ತೋರುವ ಕನ್ನಡಿ ಮಾತ್ರ. ಇದರಿಂದ ಹುಟ್ಟುವ ಪರಿಣಾಮ ಶುದ್ಧ ವ್ಯಾವಹಾರಿಕವಾದುದು. ಸಾಮಾನ್ಯ ವಾದಿಯೊಬ್ಬನು ತನ್ನ ದಾವೆಯ ದಿನ ನ್ಯಾಯಾಲಯಕ್ಕೆ ಬಾರದಿದ್ದರೆ ಗೈರುಹಾಜರಿಯ ಕಾರಣಕ್ಕೆ ದಾವೆ ವಜಾ ಆಗುತ್ತದೆ; ಅರಸನಾದರೋ ಎಲ್ಲ ನ್ಯಾಯಾಲಯಗಳಲ್ಲಿಯೂ ಇದ್ದೇ ಇರುವುದರಿಂದ ಅವನ ದಾವೆ ಹಾಗೆ ಎಂದೂ ವಜಾ ಆಗುವಂತಿಲ್ಲ. ದೇಹವೊಂದು ಎರಡು ಕಡೆ ಇರಲಾರದೆಂದು ಚರ್ಚಿನಲ್ಲಿ ವಾದಿಸಿದ ನಾಡೇ ನ್ಯಾಯಾಲಯದಲ್ಲಿ ತನ್ನ ದೊರೆ ಎಲ್ಲ ಕಡೆ ಇರುವನೆಂದು ಒಪ್ಪಿಕೊಂಡದ್ದನ್ನು ಕೇವಲ ವ್ಯಂಗ್ಯವೆನ್ನುವಂತಿಲ್ಲ; ರಾಜಪದವಿಗೆ ಮರಣವಿಲ್ಲದ ಇನ್ನೊಂದು ದೇಹವಿದೆಯೆಂಬ ಮಧ್ಯಯುಗದ ಕಲ್ಪನೆಯನ್ನು 1957ರಲ್ಲಿ ಪುಸ್ತಕವಾಗಿ ನಿರೂಪಿಸಿದ ಇತಿಹಾಸಕಾರ ಅರ್ನ್‌ಸ್ಟ್ ಕಾಂಟೊರೊವಿಚ್, ಇಂಥ ಮಾತುಗಳೆಲ್ಲ ಕ್ರಿಸ್ತನ ಕುರಿತ ಚಿಂತನೆಯಿಂದಲೇ ರಾಜ್ಯಶಾಸ್ತ್ರಕ್ಕೆ ಹರಿದು ಬಂದವೆಂದು ತೋರಿಸಿದ್ದಾನೆ. ಭಾರತಕ್ಕೆ ಒಮ್ಮೆಯೂ ಬಾರದ ವಿಕ್ಟೋರಿಯಾ ರಾಣಿಯು ನಾಣ್ಯದಲ್ಲಿ, ಅಂಚೆಚೀಟಿಯಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1906ರಲ್ಲಿ ಅನಾವರಣಗೊಂಡ ಅಮೃತಶಿಲೆಯ ಪ್ರತಿಮೆಯಲ್ಲಿ ಇದ್ದ ಬಗೆಯೂ ಇದೇ ಜಾತಿಯದು.

ಅರಸನಿಂದ ಅವನ ಸೈನ್ಯಕ್ಕೆ ಒಂದೇ ಹೆಜ್ಜೆ. 1832ರಲ್ಲಿ ದೊರೆ ನಾಲ್ಕನೆಯ ವಿಲಿಯಂ ಬ್ರಿಟಿಷ್ ಫಿರಂಗಿದಳಕ್ಕೂ ಎಂಜಿನಿಯರ್ ದಳಕ್ಕೂ ‘ಉಬಿಕ್ವೆ’ ಎಂಬುದನ್ನು ಧ್ಯೇಯವಾಕ್ಯವಾಗಿ ಕೊಟ್ಟನು. ಉಳಿದ ರೆಜಿಮೆಂಟುಗಳು ತಾವು ಹೋರಾಡಿದ ಯುದ್ಧಗಳ ಹೆಸರುಗಳನ್ನು ಬಾವುಟದ ಮೇಲೆ ಹೊಲಿಸಿಕೊಳ್ಳುತ್ತವೆ. ಈ ಎರಡು ದಳಗಳು ಎಲ್ಲ ಯುದ್ಧಗಳಲ್ಲಿಯೂ ಇರುವುದರಿಂದ ಪಟ್ಟಿ ಬೇಡ, ಒಂದೇ ಪದ ಸಾಕು ಎಂಬುದು ಅದರ ಹಿಂದಿನ ತರ್ಕ. ರಡ್ಯಾರ್ಡ್ ಕಿಪ್ಲಿಂಗ್ 1903ರ ತನ್ನ ಸಂಕಲನದಲ್ಲಿ ಇದೇ ಪದವನ್ನು ಶೀರ್ಷಿಕೆಯಾಗಿಟ್ಟು ಫಿರಂಗಿದಳದ ಮೇಲೆ ಒಂದು ಪದ್ಯ ಬರೆದನು. ಸಾಮ್ರಾಜ್ಯ ಎಷ್ಟು ದೂರ ಹಬ್ಬಿತ್ತೆಂಬುದು ತಾನಾಗಿ ಈ ಪದದೊಳಗೆ ಅಡಗಿದೆ: ಎಲ್ಲೆಡೆಯೂ ಇದ್ದೇವೆ ಎನ್ನುವವರು ತಾವು ಹೋಗಬಾರದಿದ್ದ ಕಡೆಯೂ ಹೋಗಿದ್ದರು.

ಸ್ವತಂತ್ರ ಭಾರತದ ಸೇನೆ ಈ ಧ್ಯೇಯವನ್ನು ಕೈಬಿಡದೆ ಸಂಸ್ಕೃತಕ್ಕೆ ತಿರುಗಿಸಿಕೊಂಡಿತು. ಎಂಜಿನಿಯರ್ ದಳದ ಧ್ಯೇಯ ‘ಸರ್ವತ್ರ’. ಫಿರಂಗಿದಳದ್ದು, ಸಂಸ್ಕೃತಕ್ಕೆ ಉರ್ದುವನ್ನು ಜೋಡಿಸಿದ ‘ಸರ್ವತ್ರ ಇಜ್ಜತ್-ಒ-ಇಕ್ಬಾಲ್’, ಅಂದರೆ ಎಲ್ಲೆಡೆ ಮಾನ ಮತ್ತು ಕೀರ್ತಿಯೊಡನೆ. ಈ ‘ಸರ್ವತ್ರ’ವನ್ನು ಧರಿಸುವವರಲ್ಲಿ 1780ರಲ್ಲಿ ಹುಟ್ಟಿ ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆ ಮಾಡಿಕೊಂಡ ಮದ್ರಾಸ್ ಸ್ಯಾಪರ್ಸ್ ಕೂಡ ಸೇರಿದ್ದಾರೆ. ಸ್ಯಾಪರ್ ಎಂದರೆ ಶತ್ರುವಿನ ಕೋಟೆಯತ್ತ ಕಂದಕ ತೋಡುವ, ಸೇತುವೆ ಕಟ್ಟುವ, ಅಡೆತಡೆಗಳನ್ನು ಸಿಡಿಸುವ ಸೈನಿಕ. 1912ರಲ್ಲಿ ಈ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್, ಉದ್ದನೆಯ ಕೊಳವೆಗಳೊಳಗೆ ಸಿಡಿಮದ್ದು ತುಂಬಿ ಒಂದಕ್ಕೊಂದು ಜೋಡಿಸಿ ದೂರದಿಂದಲೇ ಅಡ್ಡಗಟ್ಟುಗಳ ಕೆಳಗೆ ತಳ್ಳುವ ಸಾಧನವೊಂದನ್ನು ಬೆಂಗಳೂರಿನಲ್ಲಿ ರೂಪಿಸಿದನು. ‘ಬ್ಯಾಂಗಲೋರ್ ಟಾರ್ಪಿಡೊ’ ಎಂದು ಹೆಸರಾದ ಅದು ಮೊದಲ ಮಹಾಯುದ್ಧದ ಮುಳ್ಳುತಂತಿಗಳನ್ನೂ 1944ರಲ್ಲಿ ನಾರ್ಮಂಡಿ ಕಡಲತೀರದ ತಡೆಗಳನ್ನೂ ಸೀಳಿತು. ಬೆಂಗಳೂರೆಂಬುದು ಎಲ್ಲಿದೆಯೆಂದೇ ಅರಿಯದ ಸೈನಿಕರ ಬಾಯಲ್ಲೂ ಊರಿನ ಹೆಸರು ಹೀಗೆ ಸರ್ವತ್ರವಾಯಿತು. ಊರಿಗೆ ಅದರಿಂದ ಬಂದ ಹೆಮ್ಮೆ ಎಂಥದ್ದೆಂಬುದನ್ನು ಪ್ರತ್ಯೇಕವಾಗಿ ಯೋಚಿಸಬೇಕು.

ಹತ್ತೊಂಬತ್ತನೆಯ ಶತಮಾನ ಸಾಗಿದಂತೆ ‘ಯುಬಿಕ್ವಿಟಸ್’ ಎಂಬ ವಿಶೇಷಣರೂಪವು ಇಂಗ್ಲಿಷ್ ಗದ್ಯದಲ್ಲಿ ಬಳಕೆಗೆ ಬಂದು, ಬಹುಬೇಗ ತಮಾಷೆಯ ದನಿಯನ್ನು ಪಡೆಯಿತು. ಯಾವ ಸಭೆಗೆ ಹೋದರೂ ಎದುರಾಗುವ ಮನುಷ್ಯನನ್ನು ಹಾಗೆ ಕರೆಯುವುದು, ಕನ್ನಡದಲ್ಲಿ ಎಲ್ಲ ಸಮಾರಂಭಗಳಲ್ಲೂ ಮುಂದಿನ ಸಾಲಿನಲ್ಲಿರುವವನನ್ನು ‘ಸರ್ವಾಂತರ್ಯಾಮಿ’ ಎಂದು ಚುಚ್ಚುವಂತೆಯೇ, ದೇವರ ಬಿರುದನ್ನು ಎರವಲು ತಂದು ಕಾಲೆಳೆಯುವ ಕ್ರಮ. ಈ ನಗೆಯ ಎಳೆ ಪದದಿಂದ ಇಂದಿಗೂ ಪೂರ್ತಿ ಮಾಯವಾಗಿಲ್ಲ, ಮತ್ತು ಅದರ ಸಮಾನಾರ್ಥಕಗಳೆಂದು ನಿಘಂಟುಗಳು ಕೊಡುವ ಪದಗಳಿಂದ ಅದನ್ನು ಬೇರ್ಪಡಿಸುವುದೂ ಇದೇ. ‘ಪ್ರೆವಲೆಂಟ್’ ಎಂಬುದರ ಧಾತುವಿನಲ್ಲಿ ಮೇಲುಗೈ ಸಾಧಿಸುವ ಅರ್ಥವಿದೆ, ಆದ್ದರಿಂದ ಅದು ರೂಢಿಗೂ ರೋಗಕ್ಕೂ ಒಪ್ಪುತ್ತದೆ. ‘ಪರ್ವೇಸಿವ್’ ಎಂಬುದು ವಾಸನೆಯಂತೆ, ಭಯದಂತೆ ಒಳಹೊಕ್ಕು ಹರಡುವುದಕ್ಕೆ. ‘ರೈಫ್’ ಎಂಬುದು ಭ್ರಷ್ಟಾಚಾರ, ಗಾಳಿಸುದ್ದಿಗಳಂಥ ಕೆಟ್ಟದ್ದಕ್ಕೆ. ‘ವೈಡ್‌ಸ್ಪ್ರೆಡ್’ ಯಾವ ಭಾವವನ್ನೂ ಸೇರಿಸದೆ ಹರವನ್ನಷ್ಟೇ ಹೇಳುತ್ತದೆ. ಕರ್ನಾಟಕದ ರಸ್ತೆಬದಿಗಳಲ್ಲೂ ಪಾಳು ನಿವೇಶನಗಳಲ್ಲೂ ಬೆಳೆದು ನಿಂತಿರುವ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ, ಸಸ್ಯವಿಜ್ಞಾನಿಯ ವರದಿಯಲ್ಲಿ ‘ವೈಡ್‌ಸ್ಪ್ರೆಡ್’ ಆದರೆ, ಅದನ್ನು ನೋಡಿ ಸಾಕಾದ ಪ್ರಯಾಣಿಕನ ಬರಹದಲ್ಲಿ ‘ಯುಬಿಕ್ವಿಟಸ್’ ಆಗುತ್ತದೆ. ಅಂದರೆ ಈ ವಿಶೇಷಣವು ವಸ್ತುವಿನ ಹಂಚಿಕೆಯಷ್ಟೇ ನೋಡುವವನ ಸುತ್ತಾಟವನ್ನೂ ಅಳೆಯುತ್ತದೆ. ಎಣಿಸಬಹುದಾದ, ಬಿಡಿಬಿಡಿಯಾಗಿ ಎದುರಾಗುವ ವಸ್ತುವಿಗೆ ಅದು ಚೆನ್ನಾಗಿ ಹೊಂದುತ್ತದೆ. ಎಲ್ಲೆಡೆ ಇರುವುದಕ್ಕೆ ಹೆಚ್ಚು ಕಡಿಮೆ ಎಂಬುದಿಲ್ಲವಾದ್ದರಿಂದ ‘ಅತ್ಯಂತ ಯುಬಿಕ್ವಿಟಸ್’ ಎನ್ನಬಾರದೆಂದು ಕಟ್ಟುನಿಟ್ಟಿನ ವೈಯಾಕರಣರು ಆಕ್ಷೇಪಿಸುತ್ತಾರೆ; ಪದವೇ ಉತ್ಪ್ರೇಕ್ಷೆಯಾಗಿ ಬಳಕೆಯಲ್ಲಿರುವಾಗ ಈ ಆಕ್ಷೇಪ ತಡವಾಗಿ ಬಂದದ್ದೆನ್ನಬೇಕು.

ಎಲ್ಲೆಡೆ ಎಂಬ ಮಾತನ್ನು ಪ್ರಯೋಗದಿಂದ ಪರೀಕ್ಷಿಸಿದವರು ವಿಜ್ಞಾನಿಗಳು. ಸೂಕ್ಷ್ಮಜೀವಿಗಳು ಕೊಳೆಯುವ ವಸ್ತುವಿನಲ್ಲಿ ತಾವಾಗಿ ಹುಟ್ಟುತ್ತವೆಯೋ ಗಾಳಿಯಿಂದ ಬಂದು ಬೀಳುತ್ತವೆಯೋ ಎಂಬ ವಿವಾದದಲ್ಲಿ ರೂವಾನಿನ ಫೆಲಿಕ್ಸ್ ಪೂಷೆಯ ಕಡೆಯವರು, ಗಾಳಿಯಲ್ಲಿ ಎಲ್ಲೆಡೆ ಅಷ್ಟು ಬೀಜಗಳಿದ್ದರೆ ಗಾಳಿಯೇ ಮಂಜಿನಂತೆ ದಟ್ಟವಾಗಿರಬೇಕಿತ್ತಲ್ಲ ಎಂದು ಕೇಳಿದರು. ಲೂಯಿ ಪಾಶ್ಚರ್ 1860ರಲ್ಲಿ ಕುದಿಸಿದ ದ್ರವವನ್ನು ಗಾಜಿನ ಬುರುಡೆಗಳಲ್ಲಿ ತುಂಬಿ ಕತ್ತನ್ನು ಕರಗಿಸಿ ಮುಚ್ಚಿ, ಬೇರೆ ಬೇರೆ ಎತ್ತರಗಳಲ್ಲಿ ಒಡೆದು ಗಾಳಿ ಒಳಬರುವಂತೆ ಮಾಡಿ ಮತ್ತೆ ಮುಚ್ಚಿದನು: ತನ್ನೂರು ಆರ್ಬುವಾದ ಬಳಿಯ ಬಯಲಿನಲ್ಲಿ 20ರಲ್ಲಿ 8, ಜೂರಾ ಬೆಟ್ಟದ ಮೇಲೆ 20ರಲ್ಲಿ 5, ಆಲ್ಪ್ಸಿನ ಹಿಮನದಿಯ ಬಳಿ 20ರಲ್ಲಿ 1 ಮಾತ್ರ ಕೆಟ್ಟವು. ಜೀವಿಗಳು ಗಾಳಿಯಲ್ಲಿವೆ, ಆದರೆ ಎಲ್ಲೆಡೆಯೂ ಸಮನಾಗಿಲ್ಲ. ಒಂದು ಕಾಲದಲ್ಲಿ ಶಾಸ್ತ್ರವಾಕ್ಯಗಳಿಂದ ಹಾಕುತ್ತಿದ್ದ ಗಡಿಯನ್ನು ಇಲ್ಲಿ ಬುರುಡೆಗಳ ಎಣಿಕೆ ಹಾಕಿತು. ಡಚ್ ವಿಜ್ಞಾನಿ ಬಾಸ್ ಬೆಕಿಂಗ್ 1934ರಲ್ಲಿ, ಎಲ್ಲವೂ ಎಲ್ಲೆಡೆ ಇದೆ ಆದರೆ ಪರಿಸರ ಆರಿಸಿಕೊಳ್ಳುತ್ತದೆ ಎಂಬ ಅರ್ಥದ ಸೂತ್ರವನ್ನು ಕೊಟ್ಟದ್ದು ಪಾಂಟಾಕಸನಿಗೂ ಓರೊಥೆಟೆಸನಿಗೂ ಒಂದೇ ವಾಕ್ಯದಲ್ಲಿ ರಾಜಿ ಮಾಡಿಸಿದಂತಿದೆ. ಆ ವಾಕ್ಯದ ಮೊದಲರ್ಧ ನಿಜವೇ ಎಂಬ ಬಗ್ಗೆ ಸೂಕ್ಷ್ಮಜೀವಿ ವಿಜ್ಞಾನಿಗಳ ಚರ್ಚೆ ನಿಂತಿಲ್ಲ.

ಇಪ್ಪತ್ತನೆಯ ಶತಮಾನದ ಜೀವರಸಾಯನಶಾಸ್ತ್ರವು ಈ ಪದದಿಂದಲೇ ಹೆಸರುಗಳನ್ನು ಕಟ್ಟಿಕೊಂಡಿತು. 1957ರಲ್ಲಿ ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಫ್ರೆಡರಿಕ್ ಕ್ರೇನ್ ಮತ್ತು ಸಂಗಡಿಗರು ದನದ ಹೃದಯದಿಂದ ಬೇರ್ಪಡಿಸಿದ, ಜೀವಕೋಶಕ್ಕೆ ಶಕ್ತಿ ಒದಗಿಸುವ ಕೆಲಸದಲ್ಲಿ ನೆರವಾಗುವ ಕ್ವಿನೋನ್ ವರ್ಗದ ಪದಾರ್ಥವನ್ನು ಲಿವರ್‌ಪೂಲಿನ ಮಾರ್ಟನ್ ‘ಯುಬಿಕ್ವಿನೋನ್’ ಎಂದು ಕರೆದನು. 1975ರಲ್ಲಿ ಗಿಡಿಯನ್ ಗೋಲ್ಡ್‌ಸ್ಟೈನ್ ಗುರುತಿಸಿದ, 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನಿಗೆ, ಅದು ಎಲ್ಲ ಜೀವಕೋಶಗಳಲ್ಲಿಯೂ ಇರುವುದೆಂಬ ಎಣಿಕೆಯಿಂದ ‘ಯುಬಿಕ್ವಿಟಿನ್’ ಎಂಬ ಹೆಸರು ಬಂತು. ಕೋಶದಲ್ಲಿ ಯಾವ ಪ್ರೋಟೀನನ್ನು ನಾಶ ಮಾಡಬೇಕೋ ಅದಕ್ಕೆ ಅಂಟಿಕೊಂಡು ಗುರುತು ಹಾಕುವುದು ಇದರ ಕೆಲಸವೆಂದು ತೋರಿಸಿದ್ದಕ್ಕೆ ಏರನ್ ಚೀಕನೋವರ್, ಅವ್ರಾಮ್ ಹರ್ಷ್ಕೊ ಮತ್ತು ಅರ್ವಿನ್ ರೋಸ್ 2004ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಅಷ್ಟರಲ್ಲಿ, ಕೋಶಕೇಂದ್ರವುಳ್ಳ ಜೀವಿಗಳಲ್ಲೆಲ್ಲ ಇದ್ದರೂ ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಅದು ಇಲ್ಲವೆಂಬುದು ತಿಳಿದುಬಂದಿತ್ತು. ಹೆಸರು ಮಾತ್ರ ತಿದ್ದುಪಡಿಯಾಗದೆ ಉಳಿಯಿತು.

ಪದಕ್ಕೆ ಇತ್ತೀಚಿನ ದೊಡ್ಡ ಪ್ರಸಾರ ಸಿಕ್ಕಿದ್ದು ಗಣಕಯಂತ್ರದಿಂದ. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಮಾರ್ಕ್ ವೈಸರ್ 1988ರಲ್ಲಿ ‘ಯುಬಿಕ್ವಿಟಸ್ ಕಂಪ್ಯೂಟಿಂಗ್’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟು 1991ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಲೇಖನದಲ್ಲಿ ವಿವರಿಸಿದನು. ಅಂಗೈಗಿಂತ ಚಿಕ್ಕದು, ಕಾಗದದ ಹಾಳೆಯಷ್ಟು, ಗೋಡೆಯ ಹಲಗೆಯಷ್ಟು ಎಂಬ ಮೂರು ಅಳತೆಯ ಯಂತ್ರಗಳು ಕೋಣೆಗೆ ನೂರಾರರಂತೆ ಹರಡಿರಬೇಕು, ಆದರೆ ಬರವಣಿಗೆಯಂತೆ, ವಿದ್ಯುತ್ ಮೋಟಾರಿನಂತೆ ಅವು ಗಮನಕ್ಕೇ ಬಾರದಷ್ಟು ಬದುಕಿನಲ್ಲಿ ಬೆರೆತುಹೋಗಬೇಕೆಂಬುದು ಅವನ ಆಶಯ. 1999ರಲ್ಲಿ 46ನೆಯ ವಯಸ್ಸಿನಲ್ಲಿ ತೀರಿಕೊಂಡ ವೈಸರನು ಕಾಣದೆ ಹೋದದ್ದು ಇದರ ತದ್ವಿರುದ್ಧವಾದ ಫಲ: ಯಂತ್ರಗಳು ಎಲ್ಲೆಡೆಗೆ ಬಂದವು, ಆದರೆ ಮರೆಯಾಗುವ ಬದಲು ಕ್ಷಣಕ್ಷಣವೂ ಗಮನವನ್ನು ಕೇಳುವವಾದವು. ಈ ವಿಷಯದ ಸಮ್ಮೇಳನಗಳು ಅದೇ 1999ರಲ್ಲಿ, ಮೌಲ್‌ಬ್ರಾನಿಗೆ ಬಹಳ ದೂರವಲ್ಲದ ಕಾರ್ಲ್‌ಸ್ರೂಹೆಯಲ್ಲಿ ಆರಂಭವಾದವು. ‘ಪರ್ವೇಸಿವ್ ಕಂಪ್ಯೂಟಿಂಗ್’ ಎಂಬ ಪ್ರತಿಸ್ಪರ್ಧಿ ಹೆಸರಿನ ಸಮ್ಮೇಳನವು 2013ರಲ್ಲಿ ಇದರೊಡನೆ ವಿಲೀನವಾದದ್ದು ಜ್ವಿಂಗ್ಲಿಯ ಜ್ಯೂರಿಕ್ಕಿನಲ್ಲಿ. ಕೇವಲ ಕಾಕತಾಳೀಯ, ಆದರೂ ವೆರ್ಮಿಗ್ಲಿಗೆ ತಿಳಿದಿದ್ದರೆ ಇನ್ನೊಂದು ಸಂವಾದ ಬರೆಯುತ್ತಿದ್ದನು. ಜಪಾನಿನಲ್ಲಿ ‘ಯುಬಿಕಿತಾಸು’ ಎಂಬ ರೂಪ ಪಡೆದ ಈ ಪದವು 2004ರ ಸರ್ಕಾರಿ ನೀತಿ ‘ಯು-ಜಪಾನ್’ನ ಹೆಸರೊಳಗೆ ಸೇರಿತು, ದಕ್ಷಿಣ ಕೊರಿಯಾ ‘ಯು-ಕೊರಿಯಾ’ ಎಂದಿತು. 2009ರಲ್ಲಿ ಜಪಾನ್ ಹೊಸ ಕಾರ್ಯತಂತ್ರಕ್ಕೆ ‘ಐ-ಜಪಾನ್’ ಎಂದು ಹೆಸರಿಟ್ಟಾಗ ‘ಯು’ ಅಕ್ಷರ ಸರ್ಕಾರಿ ಫಲಕದಿಂದ ಇಳಿಯಿತು.

ಕನ್ನಡದ ಬರವಣಿಗೆಯಲ್ಲಿ ಈ ವಿಶೇಷಣಕ್ಕೆ ಒಂದೇ ಸಾಟಿಪದ ನಿಂತಿಲ್ಲದಿರುವುದಕ್ಕೆ ಕಾರಣ ಕೊರತೆಯಲ್ಲ. ‘ಸರ್ವವ್ಯಾಪಿ’ಯಲ್ಲಿ ದೇವರ ತೂಕ ಇನ್ನೂ ಇಳಿದಿಲ್ಲವಾದ್ದರಿಂದ ಪ್ಲಾಸ್ಟಿಕ್ ಚೀಲಕ್ಕೆ ಅದನ್ನು ಹಚ್ಚಿದರೆ ಹಾಸ್ಯವಾಗುತ್ತದೆ, ‘ಸರ್ವೇಸಾಮಾನ್ಯ’ ಎಂಬುದು ಘಟನೆಗಳಿಗೆ ಒಗ್ಗುತ್ತದೆ, ‘ಎಲ್ಲೆಂದರಲ್ಲಿ’ ಎಂದ ಕೂಡಲೇ ಕಸ ಚೆಲ್ಲಿದವರ ಮೇಲಿನ ದೂರು ಸೇರಿಕೊಳ್ಳುತ್ತದೆ. ಆಡುಮಾತು ಬೇರೆಯೇ ಉಪಾಯ ಮಾಡಿದೆ. ಅದು ಎಲ್ಲೆಡೆ ಎನ್ನದೆ ‘ಬೀದಿಗೊಂದು’, ‘ಗಲ್ಲಿಗೊಂದು’, ‘ಮನೆಗೊಂದು’ ಎಂದು ಹಂಚುತ್ತದೆ, ಹಾಗೆ ಹಂಚುವಾಗ ವಸ್ತು ಎಷ್ಟು ದಟ್ಟವಾಗಿದೆಯೆಂಬ ಅಳತೆಯನ್ನೂ ತಾನೇ ಹೇಳಿಬಿಡುತ್ತದೆ. 1990ರ ದಶಕದ ಕರ್ನಾಟಕದ ಪಟ್ಟಣಗಳಲ್ಲಿ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಬೀದಿಗೊಂದರಂತೆ ಇದ್ದವು. ಇಪ್ಪತ್ತು ವರ್ಷಗಳೊಳಗೆ ಅವು ಬಹುತೇಕ ಮಾಯವಾಗಿ ಫೋನು ಮೊದಲು ಮನೆಗೊಂದು, ಅನಂತರ ಕೈಗೊಂದು ಆಯಿತು.